ಜರಡಿ ತೆಗೆದ ಮೇಲೆ

ಊರಿನವರೆಲ್ಲರ ಕಿವಿಯಲ್ಲೂ ಜರಡಿ ಎಂಬ ಪುಟ್ಟ ಯಂತ್ರ ಇತ್ತು. ಸಣ್ಣಪುಟ್ಟ ಸದ್ದುಗಳನ್ನೆಲ್ಲ ಅದು ಸೋಸಿಬಿಡುತ್ತಿತ್ತು. ಒಂದು ಸದ್ದನ್ನೂ ಬಿಡದೆ ಕೇಳಿಸುವ ಹುಬ್ಬಳ್ಳಿಯ ಲಾಸ್‌ಲೆಸ್ ಅಂಗಡಿಯಲ್ಲಿ ಮಾತ್ರ ಅದನ್ನು ತೆಗೆದಿಟ್ಟು ಹಾಡು ಕೇಳಬಹುದಿತ್ತು. ಇಂಚರಾ ತನ್ನದನ್ನು ಬಟ್ಟಲಿಗೆ ಹಾಕಿದಳು. ಗಂಡ ವೀರೇಶ ಹಿಂಜರಿದ.

“ನಾ ಹಿಂಗ ಕೇಳ್ತೀನಿ ಬಿಡು.”

“ಕಾಲೇಜಿನಾಗ ಝರೀನಾನ ಹಾಡಿಗೆ ಕುಣದು ಬೆಂಚ್ ಮುರದಾಂವ ನೀನ. ತಗಿ!”

ಅವನೂ ತೆಗೆದ. ಝರೀನಾಳ ಹಿಟ್ ಪಾಪ್-ಪಂಕ್ ಹಾಡುಗಳಲ್ಲಿ ಮೊದಲನೆಯದಕ್ಕೇ ಅಂಗಡಿಯ ರೂಮು ನಡುಗಿತು. ಡ್ರಮ್ಮಿನ ಅಬ್ಬರದ ನಡುವೆಯೂ ಗಿಟಾರಿನ ತಂತಿಯ ಮೇಲೆ ಜಾರುವ ಬೆರಳು, ಕೂಗುವ ಮುನ್ನ ಆಕೆ ಎಳೆದುಕೊಳ್ಳುವ ಉಸಿರು, ಎಲ್ಲ ಕೇಳಿಸಿತು. ಇಂಚರಾ ಕೂತಲ್ಲೇ ಕುಣಿದಳು.

ಹಾಡು ಮುಗಿದು ರೂಮು ಸುಮ್ಮನಾಯಿತು. ಉಸಿರಿನ ಸದ್ದು ಮಾತ್ರ ನಿಲ್ಲಲಿಲ್ಲ. ಸಣ್ಣಗೆ ಸೀಟಿ ಹೊಡೆದಂತೆ ಅದು ಪಕ್ಕದ ಕುರ್ಚಿಯಿಂದ ಬರುತ್ತಿತ್ತು.

ಅವಳು ತಿರುಗಿದಾಗ ವೀರೇಶ ವಾಲ್ಯೂಮ್ ಗುಂಡಿಗೆ ಕೈ ಚಾಚಿದ್ದ. ಆ ಕೈಯನ್ನು ಹಿಡಿದುಕೊಂಡಳು.

“ಈ ಸೀಟಿ ಯಾವಾಗಿಂದ?”

“ಹಾಡು ಕೇಳಾಕ ಬಂದೀವಲ್ಲ, ಕೇಳು.”

ಎರಡನೇ ಹಾಡು ಶುರುವಾಯಿತು. ಇಂಚರಾ ಅದನ್ನು ನಿಲ್ಲಿಸಿ, ಅವನ ಎದೆಗೆ ಕಿವಿಯಿಟ್ಟಳು.

“ಉಸಿರು ತಗೊ. ಒಂಚೂರೂ ಮುಚ್ಚಿಡಬ್ಯಾಡ, ಪೂರ್ತಿ ಕೇಳಸು.”