ಒಡೆಯಲೆಂದೇ ತಂದ ಬಳೆ

ಪಾತ್ರೆ ತೊಳೆಯುವಾಗ ಇವತ್ತು ಗಾಜಿನ ಬಳೆಯೊಂದು ಒಡೆಯಿತು. ಆ ಮಧ್ಯಾಹ್ನ ನೆನಪಾಯಿತು.

ಬೆಸಗರಹಳ್ಳಿಯ ಹೆಂಗಸರು ನಾಟಕ ಕಲಿತಿದ್ದರು. ಸಿಂಹಾಸನಕ್ಕಾಗಿ ಸಂಚು ಹೂಡಿ ಕೊನೆಗೆ ಗಂಡನನ್ನೂ ಕಳೆದುಕೊಳ್ಳುವ ರಾಣಿಯ ಪಾತ್ರ ಅವ್ವನದು, ಸಖಿಯ ಪಾತ್ರ ಗೆಳತಿ ಸಾಕಮ್ಮನದು. ನಾಟಕದ ದಿನ ಮಧ್ಯಾಹ್ನ ಅವ್ವ ರಂಗದ ಮೇಲೆ ಒಡೆಯಲೆಂದೇ ತಂದಿದ್ದ ಹಸಿರು ಬಳೆ ತೊಡುತ್ತಿದ್ದಳು. ಸಾಕಮ್ಮ ಬಂದು ಅಜ್ಜಿಯ ಪಕ್ಕ ಕುಳಿತಳು.

"ದೊಡ್ಡವ್ವ, ನಿಮ್ ಮಗ ಗುಂಡ್ಕಲ್ಲಂಗವ್ನೆ. ಇವ್ಳು ಊರ್ ಮುಂದೆ ಬಳೆ ಒಡ್ಕಂಡು ಕುಂಕುಮ ಅಳಿಸ್ಕಂಡ್ರೆ ಚೆಂದಾನಾ?"

ಅಜ್ಜಿ ಎದ್ದರು. "ತಗಿಯೇ ಬಳೆಯ!"

"ಒಲೆ ಮುಂದೆ ಕೂತ್ಕಂಡ್ ಮಾತೆಲ್ಲ ಕಲ್ತಿವ್ನಿ, ಅತ್ತೆ."

"ಬುಡು ಅಂದ್ರೆ ಬುಡು!"

ಬಳೆಗಳನ್ನು ಸಾಕಮ್ಮನೇ ಒಯ್ದಳು. ಸಂಜೆ ರಾಣಿಯಾಗಿ ಅವನ್ನು ಒಡೆದವಳೂ ಅವಳೇ. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಗಂಡ ಶಿಳ್ಳೆ ಹೊಡೆದ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವ್ವನ ಕಡೆ ತಿರುಗಿದರು.

"ಎಷ್ಟ್ ಚೆಂದಾಗ್ ಅಳ್ತಾಳೆ ನೋಡಮ್ಮಿ, ನಮ್ ಸಾಕಿ!"