ಶನಿಯ ಬಳೆ

ಮಗಳ ಆನ್‌ಲೈನ್ ಪಾಠಕ್ಕೆಂದು ತಂದಿದ್ದ ಅಗ್ಗದ ವೆಬ್‌ಕ್ಯಾಮ್ ಅದು. ಅವಳು ತೀರಿಕೊಂಡ ಮೇಲೆ ಮೂಲೆ ಸೇರಿತ್ತು. ಅವನು ಅದರ ಲೆನ್ಸನ್ನು ತಿರುಗಿಸಿ ತೆಗೆದು, ಫಿಲಂ ರೋಲಿನ ಹಳೇ ಡಬ್ಬಿಗೆ ಅಂಟಿಸಿ, ಟೆಲಿಸ್ಕೋಪಿನ ಹಿಂಬದಿಗೆ ಕೂರಿಸಿದ. ಶನಿಯ ಬಳೆ ತೋರಿಸುತ್ತೇನೆಂದು ಮಗಳಿಗೆ ಹೇಳಿದ್ದ. ಈಗ ಹೆಂಡತಿಗಾದರೂ ತೋರಿಸಬೇಕಿತ್ತು. ಮಗಳು ಹೋದಂದಿನಿಂದ ಗೋಡೆಗೆ ಮುಖ ಮಾಡಿ ಮಲಗಿದವಳು ಎದ್ದೇ ಇರಲಿಲ್ಲ. ತಾರಸಿಯಿಂದ ಕಿಟಕಿಯೊಳಕ್ಕೆ ವೈರು ಇಳಿಬಿಟ್ಟು, ಲ್ಯಾಪ್‌ಟಾಪನ್ನು ಅವಳ ಮಂಚದ ಮೇಲಿಟ್ಟು ಬಂದ.

ಕತ್ತಲಾಗುತ್ತಲೇ, ಟೆಲಿಸ್ಕೋಪಿನ ಪಕ್ಕಕ್ಕೆ ಗುರಿ ನೋಡಲೆಂದೇ ಜೋಡಿಸಿದ್ದ ಪುಟ್ಟ ದುರ್ಬೀನಿನಲ್ಲಿ ಶನಿಗೆ ಗುರಿ ಹಿಡಿದು ಕೂಗಿದ.

“ವಾರಿಜಾ, ಏನಾದ್ರೂ ಕಾಣಿಸ್ತಿದ್ಯಾ?”

ಕೆಳಗೆ ಮಂಚ ಕಿರುಗುಟ್ಟಿತು.

“ಹೂಂ ರೀ, ಕಾಣಿಸ್ತಿದೆ.”

“ಮಸುಕಾಗಿದ್ಯಾ?” ಅವನು ಫೋಕಸ್ ತಿರುಗಿಸಿದ.

“ಈಗ ಸರಿಹೋಯ್ತು.”

“ಬಳೆ?”

“ಬಳೇನೂ ಕಾಣ್ತಿದೆ. ಪುಟ್ಟಿ ಹೇಳ್ತಿದ್ದ ಹಾಗೇ ಇದೆ. ತುಂಬಾ ಚೆನ್ನಾಗಿದೆ ರೀ. ಇಳಿದು ಬನ್ನಿ, ಊಟಕ್ಕೆ ಬಡಿಸ್ತೀನಿ.”

ಕೆಳಗೆ ಅಡುಗೆಮನೆಯ ದೀಪ ಹತ್ತಿತು. ಟೆಲಿಸ್ಕೋಪನ್ನು ಮುಚ್ಚಿಡಲೆಂದು ಅವನು ಮುಚ್ಚಳಕ್ಕಾಗಿ ತಡಕಾಡಿದ.

ಅದು ಟೆಲಿಸ್ಕೋಪಿನ ಬಾಯಿಗೇ ಇತ್ತು; ಸಂಜೆಯಿಂದ ಅವನು ತೆಗೆದೇ ಇರಲಿಲ್ಲ.