ಹಚ್ಚದ ಒಲೆ

ಸಿಸ್ಟರ್ ಸೆವ್ರಿನ್ ಗೀರಿದ ಬೆಂಕಿಕಡ್ಡಿಯನ್ನು ಕೇರಿಯಿಂದ ಬಂದಿದ್ದ ಮಾರೆಮ್ಮ ಉಫ್ ಎಂದು ಊದಿ ಆರಿಸಿಬಿಟ್ಟಳು.

“ಸಾವಾದ ಮನ್ಯಾಗ ಒಲಿ ಹಚ್ಚಂಗಿಲ್ರಿ, ಸಿಸ್ಟರಮ್ಮ.”

ಸೆವ್ರಿನ್‌ಳ ತಾಯಿ ತೀರಿಕೊಂಡರೆಂಬ ತಂತಿ ಮಂಗಳೂರಿನಿಂದ ತುರ್ವಿಹಾಳದ ಕಾನ್ವೆಂಟಿಗೆ ತಲುಪುವ ಹೊತ್ತಿಗೆ ಅಲ್ಲಿ ಮಣ್ಣೂ ಆಗಿಹೋಗಿತ್ತು. ಸೆವ್ರಿನ್ ಅಳಲಿಲ್ಲ. ಪ್ರಾರ್ಥನೆ ಮುಗಿಸಿ, ಎಂದಿನಂತೆ ಹುಡುಗಿಯರಿಗೆ ಮಗ್ಗಿ ಹೇಳಿಸಿ, ದವಾಖಾನೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟಿ, ಈಗ ಬೋರ್ಡಿಂಗಿನ ಮಕ್ಕಳಿಗೆ ಅನ್ನಕ್ಕಿಡಲು ಬಂದಿದ್ದಳು. ವ್ರತ ಹಿಡಿದ ದಿನವೇ ಮನೆ ಬಿಟ್ಟವಳು ತಾನು. ಬಿಟ್ಟಿದ್ದಕ್ಕೆ ಮತ್ತೆ ಅಳುವುದೇನು ಎಂದು ಬೆಳಗಿನಿಂದ ಮನಸ್ಸಿಗೆ ಹೇಳಿಕೊಳ್ಳುತ್ತಲೇ ಇದ್ದಳು.

“ಮಕ್ಕಳು ಹಸಿದಿದ್ದಾರೆ, ಮಾರೆಮ್ಮ,” ಎಂದು ಇನ್ನೊಂದು ಕಡ್ಡಿ ತೆಗೆದಳು.

“ಹುಡುಗ್ಯಾರಿಗೂ ತಂದೀವ್ರಿ.”

ಬಾಗಿಲಾಚೆ ಕೇರಿಯ ಹೆಂಗಸರು ರೊಟ್ಟಿಯ ಗಂಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸಾವಿನ ಮನೆಗೆ ನೆರೆಯವರು ಹೀಗೆ ಬುತ್ತಿ ಒಯ್ಯುವುದನ್ನು ಸೆವ್ರಿನ್ ಈ ಊರಲ್ಲಿ ಎಷ್ಟೋ ಸಲ ಕಂಡಿದ್ದಳು.

“ಇದು ಸಾವಿನ ಮನೆಯಲ್ಲ. ಅಮ್ಮ ಸತ್ತದ್ದು ಅಲ್ಲಿ, ದೂರದಲ್ಲಿ.”

“ಮಗಳು ಇಲ್ಲಿ ಅದಾಳಲ್ರಿ,” ಎಂದಳು ಮಾರೆಮ್ಮ. “ಹಂಗಾರ ಸಾವೂ ಇಲ್ಲೇ ಆಗ್ಯಾದ.”

ಸೆವ್ರಿನ್ ಕೈಯಲ್ಲಿದ್ದ ಕಡ್ಡಿಯನ್ನು ತಿರುಗಿ ಪೆಟ್ಟಿಗೆಗೆ ಹಾಕಿದಳು. ಪೆಟ್ಟಿಗೆಯನ್ನು ಮಾರೆಮ್ಮನ ಅಂಗೈಯಲ್ಲಿಟ್ಟು, ತಣ್ಣಗಿದ್ದ ಒಲೆಯ ಪಕ್ಕ ಕೂತು ಅಳತೊಡಗಿದಳು.